ಕಿಸುಕಾಡನ್ನು ಆಳಿದವರು, ಅವರನ್ನು ಆರಿಸಿದವರು

ಮಲಪ್ರಭೆ ಬಡಗು ದಿಕ್ಕಿಗೆ ತಿರುಗುವ ಕಡೆ ನಿಂತಿರುವ ಪಟ್ಟದಕಲ್ಲಿಗೆ ಹಳೆಯ ಶಾಸನಗಳಲ್ಲಿ ಕಿಸುವೊಳಲು ಎಂಬ ಹೆಸರಿದೆ. ಸಂಸ್ಕೃತದಲ್ಲಿ ಬರೆದವರು ಇದನ್ನೇ ರಕ್ತಪುರ ಎಂದರು. ಈ ಊರನ್ನು ಒಳಗೊಂಡ ಸೀಮೆಗೆ ಕಿಸುಕಾಡು ಎಪ್ಪತ್ತು ಎಂದು ಹೆಸರು; ಹೆಸರಿನ ಜೊತೆಗಿನ ಸಂಖ್ಯೆ ಸೀಮೆಯ ಗಾತ್ರದ ಗುರುತು. ಬಾದಾಮಿ, ಹುನಗುಂದ, ರೋಣದ ಕಡೆಯ ಊರುಗಳು ಅದರೊಳಗೆ ಬರುತ್ತಿದ್ದವು. ಬನವಾಸಿ ಪನ್ನಿರ್ಚ್ಛಾಸಿರ (ಹನ್ನೆರಡು ಸಾವಿರ), ಬೆಳ್ವೊಲ ಮುನ್ನೂರು, ಪುಲಿಗೆರೆ ಮುನ್ನೂರು ಇವುಗಳ ಜೊತೆ ನಿಲ್ಲಿಸಿದರೆ ಕಿಸುಕಾಡು ಚಿಕ್ಕದು. ಆದರೂ ಆರು ಶತಮಾನಗಳ ಕಾಲ ಕನ್ನಡ ನಾಡಿನಲ್ಲಿ ಪ್ರಾಂತ್ಯಾಧಿಪತಿಗಳನ್ನು ಯಾರು, ಯಾವ ಆಧಾರದ ಮೇಲೆ, ಎಷ್ಟು ಕಾಲಕ್ಕೆ ನೇಮಿಸುತ್ತಿದ್ದರು ಎಂಬುದನ್ನು ಅರಿಯಲು ಇದಕ್ಕಿಂತ ಒಳ್ಳೆಯ ಸೀಮೆ ಸಿಗುವುದು ಕಷ್ಟ. ಅರಸನ ಕಣ್ಣೆದುರಿಗಿನ ನೆಲವಾಗಿ, ರಾಷ್ಟ್ರಕೂಟರ ಅಳಿಯನಿಗೆ ಬಂದ ಬಳುವಳಿಯಾಗಿ, ರಾಜಕುಮಾರಿಯೊಬ್ಬಳ ಆಳ್ವಿಕೆಯ ನಾಡಾಗಿ, ಕೊನೆಗೆ ಸಿಂದರ ಪಿತ್ರಾರ್ಜಿತವಾಗಿ ಇದು ಕೈಯಿಂದ ಕೈಗೆ ಹೋಯಿತು. ಆಯ್ಕೆಯ ಎಲ್ಲ ಬಗೆಗಳೂ ಈ ಒಂದೇ ನೆಲದ ಮೇಲೆ ನಡೆದುಹೋಗಿವೆ.

ಯಾವ ಕಾಲದಲ್ಲಿ ಯಾರು ಆಳುತ್ತಿದ್ದರೆಂದು ತಿಳಿಯುವುದು ಶಾಸನಗಳ ವಾಕ್ಯಕ್ರಮದಿಂದಲೇ. ಕಲ್ಯಾಣದ ಚಾಲುಕ್ಯರ ಕಾಲದ ಕಲ್ಬರಹವೊಂದನ್ನು ಮೇಲಿನಿಂದ ಓದುತ್ತ ಬಂದರೆ ಮೊದಲು ಚಕ್ರವರ್ತಿಯ ಬಿರುದುಗಳು ಸಾಲಾಗಿ ಬರುತ್ತವೆ. ಅವನ ವಿಜಯರಾಜ್ಯ ಸೂರ್ಯಚಂದ್ರರಿರುವ ತನಕ ಸಲ್ಲಲಿ ಎಂಬ ಮಾತು ಮುಗಿದೊಡನೆ ‘ತತ್ಪಾದಪದ್ಮೋಪಜೀವಿ’ ಎಂಬ ಪದ ಕಾಣಿಸುತ್ತದೆ. ಆ ಅರಸನ ಪಾದಕಮಲವನ್ನು ಆಶ್ರಯಿಸಿ ಬದುಕುವವನು ಎಂದು ಅದರ ಅರ್ಥ. ಅದರ ಮುಂದೆ ಬರುವ ಹೆಸರೇ ನಾಡನ್ನು ಆಳುವವನದು. ಅವನಿಗೂ ಬಿರುದುಗಳಿರುತ್ತವೆ, ಪಂಚಮಹಾಶಬ್ದಗಳನ್ನು, ಎಂದರೆ ಐದು ವಾದ್ಯಗಳ ಗೌರವವನ್ನು, ಪಡೆದವನು ಎಂಬ ಹೇಳಿಕೆಯಿರುತ್ತದೆ, ಅವನ ವಶದಲ್ಲಿರುವ ನಾಡುಗಳ ಹೆಸರು ಮತ್ತು ಸಂಖ್ಯೆ ಇರುತ್ತವೆ. ಆ ಬಳಿಕ ನಾಡಿನ ಹೆಗ್ಗಡೆಗಳು, ಗಾವುಂಡರು, ಊರ ಮಹಾಜನರು ಬರುತ್ತಾರೆ. ದಾನದ ವಿವರ ಬರುವುದು ಇಷ್ಟೆಲ್ಲ ಆದ ಮೇಲೆ. ಈ ಕ್ರಮದಲ್ಲಿ ಚಕ್ರವರ್ತಿಯ ಹೆಸರು ಕಿರಿದಾಗುತ್ತ, ಮಾಂಡಲಿಕನ ಹೊಗಳಿಕೆ ಹಿಗ್ಗುತ್ತ ಹೋದರೆ ಅಧಿಕಾರ ಯಾವ ಕಡೆಗೆ ವಾಲಿದೆಯೆಂದು ಶಾಸನ ಓದುವವರಿಗೆ ಕೂಡಲೇ ಗೊತ್ತಾಗುತ್ತದೆ.

ಬಾದಾಮಿ ಚಾಲುಕ್ಯರ ಆರಂಭದ ಕಾಲದಲ್ಲಿ ಆಯ್ಕೆಯ ಮೊದಲ ಆಧಾರ ರಕ್ತಸಂಬಂಧ. 543ರಲ್ಲಿ ಒಂದನೆಯ ಪುಲಿಕೇಶಿ ಬಾದಾಮಿಯ ಬಂಡೆಯ ಮೇಲೆ ಕೋಟೆ ಕಟ್ಟಿದ. ಅವನ ಹಿರಿಯ ಮಗ ಕೀರ್ತಿವರ್ಮ ಪಟ್ಟದಲ್ಲಿದ್ದಾಗ ಕಿರಿಯ ಮಗ ಮಂಗಲೇಶ 578ರಲ್ಲಿ ಬಾದಾಮಿಯ ಮೂರನೆಯ ಗುಹೆಯಲ್ಲಿ ವಿಷ್ಣುವನ್ನು ಪ್ರತಿಷ್ಠಾಪಿಸಿ, ಆ ಪುಣ್ಯವನ್ನು ಅಣ್ಣನಿಗೆ ಅರ್ಪಿಸಿದ. ತಮ್ಮನನ್ನು ನಂಬುವುದು ಆ ಮನೆತನದ ರೀತಿಯಾಗಿತ್ತು. ಕೀರ್ತಿವರ್ಮ ತೀರಿಕೊಂಡಾಗ ಮಕ್ಕಳು ಚಿಕ್ಕವರಾದ್ದರಿಂದ ಮಂಗಲೇಶನೇ ಆಳಿದ. ಮುಂದೆ ತನ್ನ ಮಗನಿಗೆ ಪಟ್ಟ ಉಳಿಸಲು ಹೋದಾಗ ಅಣ್ಣನ ಮಗ ಇಮ್ಮಡಿ ಪುಲಿಕೇಶಿ ತಿರುಗಿಬಿದ್ದು, 610ರ ಹೊತ್ತಿಗೆ ಚಿಕ್ಕಪ್ಪನನ್ನು ಸೋಲಿಸಿ ಸಿಂಹಾಸನ ಹಿಡಿದ. ಐಹೊಳೆಯ ಮೇಗುತಿಯಲ್ಲಿ ರವಿಕೀರ್ತಿ 634–35ರಲ್ಲಿ ಬರೆಸಿದ ಶಾಸನ ಈ ಜಗಳವನ್ನು ಮುಚ್ಚಿಡದೆ ಹೇಳುತ್ತದೆ.

ಅಣ್ಣತಮ್ಮಂದಿರ ಜೊತೆಗೆ ತಾಯಿಯ ಕಡೆಯವರಿಗೂ ನಾಡುಗಳು ಸಿಕ್ಕವು. ಮಂಗಲೇಶ ಗೆದ್ದುಕೊಂಡ ರೇವತೀದ್ವೀಪ ಕೊಂಕಣದ ಕರಾವಳಿಯಲ್ಲಿದೆ. 610–11ರ ಗೋವೆಯ ತಾಮ್ರಪಟದ ಪ್ರಕಾರ ಅಲ್ಲಿದ್ದುಕೊಂಡು ನಾಲ್ಕು ವಿಷಯಗಳನ್ನು, ಎಂದರೆ ಸೀಮೆಗಳನ್ನು, ಆಳುತ್ತಿದ್ದವನು ಬಪ್ಪೂರ ವಂಶದ ಸತ್ಯಾಶ್ರಯ ಧ್ರುವರಾಜ ಇಂದ್ರವರ್ಮ. ಮಹಾಕೂಟದ ಕಂಬದ ಶಾಸನ ಹೇಳುವಂತೆ ಒಂದನೆಯ ಪುಲಿಕೇಶಿಯ ರಾಣಿ ದುರ್ಲಭದೇವಿ ಬಟ್ಪೂರ ವಂಶದವಳು. ಬಪ್ಪೂರ, ಬಟ್ಪೂರ ಎರಡೂ ಒಂದೇ ಎಂದು ಶಾಸನತಜ್ಞರು ಗುರುತಿಸಿದ್ದಾರೆ. ಹೀಗೆ ದೂರದ ಕಡಲ ತೀರದ ಹೊಣೆ ಅರಸಿಯ ತವರಿನವರ ಕೈಗೆ ಬಂದಿತ್ತು. ಇಮ್ಮಡಿ ಪುಲಿಕೇಶಿಯ ಕಾಲದ ಚಿಪಳೂಣದ ತಾಮ್ರಪಟದಲ್ಲಿ ದಾನ ಕೊಟ್ಟವನು ಅವನ ಸೋದರಮಾವ, ಸೇಂದ್ರಕ ಕುಲದ ಶ್ರೀವಲ್ಲಭ ಸೇನಾನಂದರಾಜ. ಅಣ್ಣತಮ್ಮಂದಿರಿಗೆ ಸಿಂಹಾಸನದ ಮೇಲೆ ಹಕ್ಕಿತ್ತು. ಸೋದರಮಾವನಿಗೆ ಅಂಥ ಹಕ್ಕಿರಲಿಲ್ಲ, ಅಳಿಯನ ಏಳಿಗೆಯಲ್ಲಿಯೇ ಅವನ ಏಳಿಗೆಯೂ ಇತ್ತು. ಅರಸನ ದೃಷ್ಟಿಯಿಂದ ಇದು ಬುದ್ಧಿವಂತಿಕೆಯ ಆಯ್ಕೆಯೆಂದೇ ಹೇಳಬೇಕು.

ತಮ್ಮನಿಗೆ ಪ್ರಾಂತ ಕೊಟ್ಟಾಗ ಏನಾಗಬಹುದೆಂಬುದಕ್ಕೆ ವೆಂಗಿಯೇ ಸಾಕ್ಷಿ. ಪುಲಿಕೇಶಿ ಗೋದಾವರಿ–ಕೃಷ್ಣೆಯರ ನಡುವಣ ಆ ನಾಡನ್ನು ಗೆದ್ದು ತಮ್ಮ ಕುಬ್ಜ ವಿಷ್ಣುವರ್ಧನನಿಗೆ ಒಪ್ಪಿಸಿದ. ಇದಕ್ಕೆ ಮೊದಲು ವಿಷ್ಣುವರ್ಧನ ಯುವರಾಜನಾಗಿ ಸಾತಾರೆಯ ಕಡೆ ದಾನಶಾಸನ ಹೊರಡಿಸಿದ್ದವನು. ವೆಂಗಿಗೆ ಹೋದ ಕೆಲವೇ ವರ್ಷಗಳಲ್ಲಿ ಅವನು ಸ್ವತಂತ್ರ ಅರಸನಂತೆ ಆಳತೊಡಗಿದ. ಅಣ್ಣನ ಮೇಲೆ ಕತ್ತಿ ಎತ್ತಿದ ಸುಳಿವು ಎಲ್ಲಿಯೂ ಇಲ್ಲ. ಆದರೂ ಅವನಿಂದ ಬೆಳೆದ ಪೂರ್ವ ಚಾಲುಕ್ಯ ವಂಶ ನಾಲ್ಕು ಶತಮಾನಗಳಿಗೂ ಮೀರಿ ಬಾಳಿ, 1070ರಲ್ಲಿ ಕುಲೋತ್ತುಂಗನ ಮೂಲಕ ಚೋಳರ ಸಿಂಹಾಸನದೊಂದಿಗೆ ಸೇರಿತು. ಬಾದಾಮಿಯ ಮೂಲ ಮನೆತನ ಅಷ್ಟು ಕಾಲ ಬಾಳಲಿಲ್ಲ. 642ರಲ್ಲಿ ಪಲ್ಲವ ನರಸಿಂಹವರ್ಮ ವಾತಾಪಿಯನ್ನು, ಎಂದರೆ ಬಾದಾಮಿಯನ್ನು, ಹಿಡಿದಾಗ ವೆಂಗಿಯ ಬಲ ಅದರ ನೆರವಿಗೆ ಬಂದ ಸುಳಿವಿಲ್ಲ.

ಆ ಪೆಟ್ಟಿನಿಂದ ಚೇತರಿಸಿಕೊಂಡು 655ರಲ್ಲಿ ರಾಜ್ಯವನ್ನು ಮತ್ತೆ ಕಟ್ಟಿದವನು ಒಂದನೆಯ ವಿಕ್ರಮಾದಿತ್ಯ. ಅವನೂ ಅದೇ ದಾರಿ ಹಿಡಿದ. ಗುಜರಾತಿನ ಭಾಗವನ್ನು ತಮ್ಮ ಧರಾಶ್ರಯ ಜಯಸಿಂಹವರ್ಮನಿಗೆ ಕೊಟ್ಟ. ಕೊಂಕಣದಲ್ಲಿ ಅಣ್ಣ ಚಂದ್ರಾದಿತ್ಯನ ಅರಸಿ ವಿಜಯಭಟ್ಟಾರಿಕೆ ತನ್ನ ಹೆಸರಿನಲ್ಲಿಯೇ ತಾಮ್ರಪಟಗಳನ್ನು ಹೊರಡಿಸಿದಳು. ನೇರೂರು ಮತ್ತು ಕೋಚರೆಯಲ್ಲಿ ಅವು ದೊರೆತಿವೆ. ಹೆಣ್ಣುಮಗಳ ಹೆಸರಿನಲ್ಲಿ ದಾನ ಕೊಟ್ಟ ಶಾಸನಗಳು ಬೇಕಾದಷ್ಟಿವೆ, ಆದರೆ ಆಳುವವಳಾಗಿ ಶಾಸನ ಹೊರಡಿಸಿದ ಇಷ್ಟು ಹಳೆಯ ನಿದರ್ಶನ ಅಪರೂಪ. ಗುಜರಾತಿನ ಶಾಖೆಯಲ್ಲಿ ಜಯಸಿಂಹವರ್ಮನ ಬಳಿಕ ಅವನ ಮಕ್ಕಳು ಆಳಿದರು. ಎಂದರೆ ಒಮ್ಮೆ ಕೊಟ್ಟ ನಾಡು ಮಕ್ಕಳಿಗೂ ಮುಂದುವರಿಯಿತು. ಆ ಮಕ್ಕಳಲ್ಲಿ ಒಬ್ಬನಾದ ಪುಲಿಕೇಶಿ ಅರಬ್ಬರ ದಂಡನ್ನು ನವಸಾರಿಯ ಬಳಿ ಹಿಮ್ಮೆಟ್ಟಿಸಿದ. ಮೆಚ್ಚಿದ ಅರಸ ಇಮ್ಮಡಿ ವಿಕ್ರಮಾದಿತ್ಯ ಅವನಿಗೆ ಬಿರುದುಗಳನ್ನು ಕೊಟ್ಟನೆಂದು 739ರ ನವಸಾರಿ ತಾಮ್ರಪಟ ತಿಳಿಸುತ್ತದೆ. ನಾಡು ತಂದೆಯಿಂದ ಬಂದರೂ ಬಿರುದು ಮಾತ್ರ ಅರಸನ ಕೈಯಿಂದಲೇ ಬರಬೇಕಿತ್ತು.

ಗೆದ್ದ ನಾಡಿನ ಹಳೆಯ ಮನೆತನವನ್ನು ಅಲ್ಲೇ ಉಳಿಸಿ, ಮದುವೆಯಿಂದ ಕಟ್ಟಿಹಾಕುವುದು ಇನ್ನೊಂದು ಬಗೆ. ತುಳುನಾಡಿನ ಆಳುಪರ ಚಿತ್ರವಾಹನನಿಗೆ ಅರಸ ವಿಜಯಾದಿತ್ಯನ ತಂಗಿ ಕುಂಕುಮದೇವಿಯನ್ನು ಕೊಟ್ಟದ್ದು ಇಂಥ ಸಂಬಂಧ. ಪುಲಿಗೆರೆಯಲ್ಲಿ, ಎಂದರೆ ಇಂದಿನ ಲಕ್ಷ್ಮೇಶ್ವರದಲ್ಲಿ, ಬಸದಿ ಕಟ್ಟಿಸಿದವಳು ಈ ಕುಂಕುಮದೇವಿಯೇ. ಶಿಗ್ಗಾವಿಯ ತಾಮ್ರಪಟದ ಪ್ರಕಾರ 707ರಲ್ಲಿ ವಿಜಯಾದಿತ್ಯ ತಾನೇ ಬನವಾಸಿಗೆ ಹೋಗಿ ಈ ಭಾವಮೈದುನನನ್ನು ಕಂಡ.

ನೇಮಕದ ಹೊರಗುರುತು ಪಟ್ಟ. ಹಣೆಗೆ ಕಟ್ಟುವ ಆ ಪಟ್ಟಿ ಅರಸನಿಂದ ಸಾಮಂತನಿಗೆ, ಸಾಮಂತನಿಂದ ಕೆಳಗಿನವರಿಗೆ ಸಲ್ಲುವ ಮನ್ನಣೆಯಾಗಿತ್ತು. ಚಾಲುಕ್ಯ ಅರಸರ ಪಟ್ಟಾಭಿಷೇಕಗಳು ನಡೆದ ಊರು ಕಿಸುವೊಳಲು ಎಂಬ ಪರಂಪರೆ ಬಲವಾಗಿದೆ, ಮುಂದಿನ ಶಾಸನಗಳು ಅದನ್ನು ‘ಪಟ್ಟದ ಕಿಸುವೊಳಲು’ ಎಂದೇ ಕರೆದವು. ಪಟ್ಟ ಅರಸುಮಕ್ಕಳಿಗಷ್ಟೇ ಸೀಮಿತವಾಗಿರಲಿಲ್ಲ ಎಂಬುದಕ್ಕೂ ಇದೇ ಊರಿನಲ್ಲಿ ಸಾಕ್ಷಿಯಿದೆ. ಇಮ್ಮಡಿ ವಿಕ್ರಮಾದಿತ್ಯನ ಕಂಚಿಯ ವಿಜಯದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ಲೋಕೇಶ್ವರ ದೇವಾಲಯವೇ ಇಂದಿನ ವಿರೂಪಾಕ್ಷ. ಅಲ್ಲಿನ ಹಳಗನ್ನಡ ಬರಹವೊಂದು ಅದನ್ನು ಕಟ್ಟಿದ ಸೂತ್ರಧಾರಿ ಗುಂಡ ಅನಿವಾರಿತಾಚಾರಿಗೆ ‘ಪೆರ್ಜೆರೆಪು’ ಎಂಬ ಪಟ್ಟವನ್ನು ಕಟ್ಟಿದ್ದನ್ನು ದಾಖಲಿಸಿದೆ. ಕಲ್ಲುಕೆಲಸದ ಆಚಾರಿಯ ಹೆಸರು ಕಂಚಿಯನ್ನು ಗೆದ್ದ ಅರಸನ ಹೆಸರಿನ ಜೊತೆಗೇ ಅದೇ ಗುಡಿಯ ಕಲ್ಲಿನ ಮೇಲೆ ಉಳಿದಿದೆ. ಹೊಣೆ ಒಪ್ಪಿಸುವುದು, ಹೊಣೆ ತೀರಿಸಿದವನನ್ನು ಗುರುತಿಸುವುದು ಎರಡಕ್ಕೂ ಆ ಕಾಲದಲ್ಲಿ ಪಟ್ಟವೇ ಮುದ್ರೆ.

ನಾಡಿನ ಅಧಿಪತಿಯನ್ನು ಆರಿಸುವಲ್ಲಿ ಜನರ ಮಾತು ನಡೆಯುತ್ತಿರಲಿಲ್ಲ. ಆದರೆ ಬಂದವನು ಏನು ಮಾಡಬಹುದು, ಏನು ಮಾಡಬಾರದು ಎಂಬುದಕ್ಕೆ ಕಟ್ಟುಗಳಿದ್ದವು. ವಿಕ್ರಮಾದಿತ್ಯ ಇನ್ನೂ ಯುವರಾಜನಾಗಿದ್ದಾಗ ಪುಲಿಗೆರೆಯ ಮಹಾಜನರಿಗೂ ನಗರಕ್ಕೂ ಹದಿನೆಂಟು ಪ್ರಕೃತಿಗಳಿಗೂ, ಎಂದರೆ ಪ್ರಜಾವರ್ಗಗಳಿಗೂ, ಕೊಟ್ಟ ‘ಆಚಾರವ್ಯವಸ್ಥೆ’ ಲಕ್ಷ್ಮೇಶ್ವರದ ಶಾಸನವೊಂದರಲ್ಲಿ ಉಳಿದಿದೆ. ರಾಜಪುರುಷರು ಊರಿನಲ್ಲಿ ಯಾವುದನ್ನು ಕಾಪಾಡಬೇಕು, ಊರವರು ಅರಸನ ಕಡೆಯವರಿಗೆ ಏನು ಸಲ್ಲಿಸಬೇಕು ಎಂಬುದನ್ನು ಅದು ಬಿಡಿಸಿ ಹೇಳುತ್ತದೆ. ಒಕ್ಕಲುಮನೆಗಳು ತಮ್ಮ ಅಂತಸ್ತಿಗೆ ತಕ್ಕಂತೆ ವೈಶಾಖ ಮಾಸದಲ್ಲಿ ದೇಶಾಧಿಪತಿಗೆ ತೆರಿಗೆ ಕೊಡಬೇಕು. ತೆರಿಗೆಯ ತಿಂಗಳೂ ಮೊತ್ತವೂ ಮೊದಲೇ ಗೊತ್ತಾಗಿದ್ದರೆ ಅಧಿಪತಿ ಬದಲಾದಾಗ ಒಕ್ಕಲಿನವನ ಗಂಟು ಬದಲಾಗುವುದಿಲ್ಲ. ಎಂಟನೆಯ ಶತಮಾನದ ಆ ಕಟ್ಟಳೆಯ ಬೆಲೆ ಇರುವುದು ಇಲ್ಲಿಯೇ. ಅದೇ ಯುಗದ ಮುಂದಿನ ಭಾಗದಲ್ಲಿ, 920ರ ಸುಮಾರಿಗೆ, ತಮಿಳುನಾಡಿನ ಉತ್ತಿರಮೇರೂರಿನಲ್ಲಿ ಓಲೆಯ ಚೀಟಿಗಳನ್ನು ಕೊಡಕ್ಕೆ ಹಾಕಿ ಎತ್ತಿ ಊರಸಭೆಯ ವಾರಿಯಗಳೆಂಬ ಸಮಿತಿಗಳಿಗೆ ಸದಸ್ಯರನ್ನು ಆರಿಸುವ ಪದ್ಧತಿ ನಡೆಯಿತು. ಅದೂ ಊರ ಮಟ್ಟದ್ದೇ. ನಾಡಿನ ಅಧಿಪತಿಯ ತನಕ ಚೀಟಿಯಾಗಲಿ ಮತವಾಗಲಿ ಎಲ್ಲಿಯೂ ಏರಲಿಲ್ಲ.

ಬಾದಾಮಿಯ ಅರಸೊತ್ತಿಗೆಯನ್ನು ಕೊನೆಗಾಣಿಸಿದವನು ಅವರ ಸಾಮಂತನೇ. ರಾಷ್ಟ್ರಕೂಟ ದಂತಿದುರ್ಗ 753ರ ಹೊತ್ತಿಗೆ ಇಮ್ಮಡಿ ಕೀರ್ತಿವರ್ಮನನ್ನು ಸೋಲಿಸಿದ. 754ರ ಪಟ್ಟದಕಲ್ಲಿನ ಕಂಬದ ಶಾಸನ ಇನ್ನೂ ಕೀರ್ತಿವರ್ಮನ ಹೆಸರನ್ನೇ ಹೇಳುತ್ತದೆ. ಅವನ ಕೊನೆಯ ದಾಖಲೆಯಾದ ವಕ್ಕಲೇರಿಯ ತಾಮ್ರಪಟ 757ರದು. ಆ ಬಳಿಕ ಕಿಸುಕಾಡು ರಾಷ್ಟ್ರಕೂಟರ ರಾಜ್ಯದ ಒಂದು ಸೀಮೆಯಾಯಿತು.

ರಾಷ್ಟ್ರಕೂಟರು ರಕ್ತಸಂಬಂಧದ ಜೊತೆಗೆ ಕತ್ತಿಯ ಸೇವೆಗೂ ದೊಡ್ಡ ಬೆಲೆ ಕಟ್ಟಿದರು. ಅಮೋಘವರ್ಷ ನೃಪತುಂಗನ ಕಾಲದಲ್ಲಿ ಬನವಾಸಿಯನ್ನು ಆಳಿದ ಬಂಕೇಯ ಅರಸುಕುಲದವನಲ್ಲ, ಮುಕುಳ ಕುಲದ ವೀರ. ಗಂಗರ ಮೇಲೆ ದಂಡೆತ್ತಿಹೋಗಿದ್ದಾಗ ರಾಜಧಾನಿಯಲ್ಲಿ ದಂಗೆಯೆದ್ದ ಸುದ್ದಿ ಬಂತು, ಕೂಡಲೇ ಹಿಂದಿರುಗಿ ಅದನ್ನು ಅಡಗಿಸಿದ. ಈ ಸೇವೆಯನ್ನು ಕೊಣ್ಣೂರಿನ ಶಾಸನ ವಿವರವಾಗಿ ಹೊಗಳುತ್ತದೆ. ಬಂಕಾಪುರಕ್ಕೆ ಅವನದೇ ಹೆಸರು. ಅಲ್ಲಿಂದ 898ರಲ್ಲಿ ಆಳುತ್ತಿದ್ದವನು ಅವನ ಮಗ ಲೋಕಾದಿತ್ಯ. ಸೇವೆಯಿಂದ ಬಂದ ಹುದ್ದೆಯೂ ಒಂದೇ ತಲೆಮಾರಿನಲ್ಲಿ ಮನೆತನದ ಹಕ್ಕಾಗಿ ಬದಲಾಗಿತ್ತು.

ಕಿಸುಕಾಡಿನ ಕಥೆಯಲ್ಲಿ ಎಲ್ಲಕ್ಕಿಂತ ತಿಳಿವಳಿಕೆ ಕೊಡುವ ಪ್ರಸಂಗ ಗಂಗರ ಇಮ್ಮಡಿ ಬೂತುಗನದು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ 949–50ರದು. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಬೂತುಗ ಇರಿದು ಕೊಂದ. ರಾಷ್ಟ್ರಕೂಟ ಮುಮ್ಮಡಿ ಕೃಷ್ಣ ಮೆಚ್ಚಿ ಬನವಾಸಿ ಪನ್ನಿರ್ಚ್ಛಾಸಿರ, ಬೆಳ್ವೊಲ ಮುನ್ನೂರು, ಪುರಿಗೆರೆ (ಪುಲಿಗೆರೆ) ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತು ಇವನ್ನು ಅವನಿಗೆ ಕೊಟ್ಟನೆಂದು ಈ ಕಲ್ಲು ಹೇಳುತ್ತದೆ. ಅದೇ ಕಲ್ಲಿನಲ್ಲಿ ಇನ್ನೊಂದು ಸಂಗತಿಯೂ ಇದೆ. ಬೂತುಗನ ಆಳು ಮಣಲೇರ ಯುದ್ಧದಲ್ಲಿ ಪರಾಕ್ರಮ ತೋರಿದಾಗ ಏನು ಬೇಕೆಂದು ಕೇಳಲಾಗಿ, ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಆ ನಾಯಿ ಕಾಡುಹಂದಿಯೊಡನೆ ಕಾದಾಡಿ ಹಂದಿಯನ್ನು ಕೊಂದು ತಾನೂ ಸತ್ತಿತು. ಶಿಲ್ಪದಲ್ಲಿ ಕೆತ್ತಿರುವುದು ಆ ನಾಯಿ–ಹಂದಿಗಳ ಹೋರಾಟವನ್ನೇ. ಐದು ನಾಡುಗಳ ಹಸ್ತಾಂತರ ಮತ್ತು ಒಂದು ನಾಯಿಯ ನೆನಪು ಒಂದೇ ಕಲ್ಲನ್ನು ಹಂಚಿಕೊಂಡಿವೆ. ಮೇಲಿನವನು ಆಳಿಗೆ, ಆ ಆಳು ತನ್ನ ಆಳಿಗೆ ಮೆಚ್ಚು ಕೊಡುವ ಸರಣಿ ಹೇಗಿತ್ತೆಂದು ತೋರಿಸಲು ಇದಕ್ಕಿಂತ ಸ್ಪಷ್ಟವಾದ ಕಲ್ಲು ಸಿಗುವುದು ಕಷ್ಟ.

ಆದರೆ 975ರ ಹೆಬ್ಬಾಳದ ಶಾಸನ ಇದನ್ನು ಬೇರೆಯಾಗಿ ಹೇಳುತ್ತದೆ. ಅದರ ಪ್ರಕಾರ ಬೂತುಗ ರಾಷ್ಟ್ರಕೂಟ ಬದ್ದೆಗನ ಮಗಳು, ಎಂದರೆ ಕೃಷ್ಣನ ಅಕ್ಕ ರೇವಕನಿಮ್ಮಡಿಯನ್ನು ಮದುವೆಯಾದಾಗಲೇ ಪುರಿಗೆರೆ, ಬೆಳ್ವೊಲ, ಕಿಸುಕಾಡು, ಬಾಗೆನಾಡು ಬಳುವಳಿಯಾಗಿ ಬಂದವು. ಒಂದೇ ನಾಡು ಒಂದು ಕಲ್ಲಿನಲ್ಲಿ ಯುದ್ಧದ ಮೆಚ್ಚು, ಇನ್ನೊಂದರಲ್ಲಿ ಮದುವೆಯ ಬಳುವಳಿ. ಮೊದಲು ಬಳುವಳಿಯಾಗಿ ಬಂದದ್ದನ್ನು ತಕ್ಕೋಲದ ಗೆಲುವಿನ ಬಳಿಕ ಬನವಾಸಿಯನ್ನೂ ಸೇರಿಸಿ ಮತ್ತೆ ಖಾಯಂ ಮಾಡಿರಬೇಕೆಂದರೆ ಎರಡೂ ಹೊಂದುತ್ತವೆ. ಅದಕ್ಕಿಂತ ಗಮನಿಸಬೇಕಾದದ್ದು ಹೇಳಿಕೆಯ ಬದಲಾವಣೆ. ಮೆಚ್ಚಿ ಕೊಟ್ಟದ್ದನ್ನು ಅರಸ ಮುನಿದಾಗ ಹಿಂದಕ್ಕೆ ಕೇಳಬಹುದು. ಬಳುವಳಿ ಮನೆತನದ ಸೊತ್ತು, ಅದನ್ನು ಮರಳಿ ಕೇಳುವ ರೂಢಿ ಇಲ್ಲ. ಯುದ್ಧದ ಬಿಸಿಯಲ್ಲಿ ಬರೆದ ಕಲ್ಲು ಕತ್ತಿಯನ್ನು ನೆನೆಯಿತು, ಕಾಲು ಶತಮಾನದ ನಂತರ ಗಂಗ ಮನೆತನದ ವಂಶಾವಳಿಯನ್ನು ಹೇಳುವ ಕಲ್ಲು ನಂಟನ್ನು ನೆನೆಯಿತು. ಹುದ್ದೆ ಹಕ್ಕಾಗುವ ಬಗೆ ಹೀಗೆ.

973ರಲ್ಲಿ ತೈಲಪ ರಾಷ್ಟ್ರಕೂಟರನ್ನು ಕೆಳಗಿಳಿಸಿ ಚಾಲುಕ್ಯರ ಆಳ್ವಿಕೆಯನ್ನು ಮತ್ತೆ ಸ್ಥಾಪಿಸಿದ. ಇವರೇ ಕಲ್ಯಾಣದ ಚಾಲುಕ್ಯರು. ಅವನ ಮೊಮ್ಮಗ ಐದನೆಯ ವಿಕ್ರಮಾದಿತ್ಯ ಕಿಸುಕಾಡಿಗೆ ಆರಿಸಿದ್ದು ತನ್ನ ಸೋದರಿ ಅಕ್ಕಾದೇವಿಯನ್ನು. ಗದಗ ಜಿಲ್ಲೆಯ ಸೂಡಿಯ 1010ರ ಶಾಸನ ಅವಳು ಕಿಸುಕಾಡು ಎಪ್ಪತ್ತನ್ನು ಆಳುತ್ತಿರುವುದನ್ನು ಹೇಳುತ್ತದೆ. ಸುಮಾರು 1050ರಲ್ಲಿಯೂ ಅದೇ ಸೂಡಿಯಲ್ಲಿ ಅವಳೇ ಇದ್ದಾಳೆ. ಈ ನಾಲ್ಕು ದಶಕಗಳಲ್ಲಿ ಸಿಂಹಾಸನದ ಮೇಲೆ ವಿಕ್ರಮಾದಿತ್ಯ, ಅಯ್ಯಣ, ಜಯಸಿಂಹ, ಸೋಮೇಶ್ವರ ಎಂದು ನಾಲ್ವರು ಬದಲಾದರು. ಸೋದರರು ಹೋಗಿ ಸೋದರಳಿಯನ ಕಾಲ ಬಂದರೂ ಅವಳ ನಾಡು ಅವಳಲ್ಲಿಯೇ ಉಳಿಯಿತು. ಬೇರೆ ಬೇರೆ ಕಾಲಗಳಲ್ಲಿ ಬನವಾಸಿ, ಮಾಸವಾಡಿ ಮೊದಲಾದ ಸೀಮೆಗಳೂ ಅವಳ ಆಡಳಿತಕ್ಕೆ ಸೇರಿದ್ದವು.

ಅಕ್ಕಾದೇವಿಯನ್ನು ಅರಮನೆಯ ಹೆಣ್ಣುಮಗಳಿಗೆ ಕೊಟ್ಟ ಜೀವನಾಂಶದ ಲೆಕ್ಕದಲ್ಲಿ ನೋಡಬಾರದು. ಹುನಗುಂದ ಸೀಮೆಯ ಅರಸಿಬೀದಿ ಅಂದಿನ ವಿಕ್ರಮಪುರ, ಅವಳ ನೆಲೆವೀಡು. ಅಲ್ಲಿನ 1047ರ ಶಾಸನ ಬರೆಯುವ ಹೊತ್ತಿಗೆ ಅವಳು ಗೋಕಾಗೆಯ, ಎಂದರೆ ಇಂದಿನ ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿ ಬೀಡುಬಿಟ್ಟಿದ್ದಳು. ದಂಡಿನ ಬೀಡಿನಿಂದಲೇ ವಿಕ್ರಮಪುರದ ಜಿನಾಲಯಕ್ಕೆ ದಾನ ಹೊರಟಿತು. ‘ಗುಣದ ಬೆಡಂಗಿ’ ಎಂಬುದು ಅವಳ ಬಿರುದು, ಆ ಜಿನಾಲಯಕ್ಕೂ ಅದೇ ಹೆಸರು. ಕಾಳಗದಲ್ಲಿ ಅವಳು ಭೈರವಿಯಂಥವಳೆಂದು ಶಾಸನಕವಿ ಹೊಗಳುತ್ತಾನೆ. ಸೂಡಿಯಲ್ಲಿ ಅವಳು ಮಾಡಿದ ಕೆಲಸ ಬೇರೆ ತೆರದ್ದು. ಅಲ್ಲಿನ ಎಂಟು ಸೆಟ್ಟಿಗಳಿಗೂ ಎಂಬತ್ತು ಒಕ್ಕಲಿಗೂ ಸಲ್ಲುತ್ತಿದ್ದ ಹಳೆಯ ಕಟ್ಟಳೆಗಳನ್ನು ಮತ್ತೆ ಊರ್ಜಿತಗೊಳಿಸಿದಳು. ಕೋಟೆಯ ಮುತ್ತಿಗೆ, ಊರಿನ ಕಟ್ಟಳೆ ಎರಡನ್ನೂ ನಿಭಾಯಿಸಿದ ಆಡಳಿತಗಾರ್ತಿ ಆಕೆ. ಸೋದರಿಯನ್ನು ಆರಿಸುವುದರಲ್ಲಿ ಅರಸನಿಗೆ ಒಂದು ನೆಮ್ಮದಿಯೂ ಇತ್ತು: ಅವಳು ಸಿಂಹಾಸನಕ್ಕೆ ಸ್ಪರ್ಧಿಯಾಗಲಾರಳು. ಸೋಮೇಶ್ವರನ ರಾಣಿ ಮೈಳಲದೇವಿ 1053ರಲ್ಲಿ ಬನವಾಸಿಯಂಥ ದೊಡ್ಡ ಪ್ರಾಂತವನ್ನು ಆಳುತ್ತಿದ್ದುದಕ್ಕೂ ಇದೇ ಕಾರಣವಿರಬೇಕು.

ಮಕ್ಕಳಿಗೆ ಕೊಟ್ಟ ಪ್ರಾಂತಗಳಲ್ಲಿ ಈ ನೆಮ್ಮದಿ ಇರಲಿಲ್ಲ. ಸೋಮೇಶ್ವರ ತನ್ನ ಹಿರಿಯ ಮಗನನ್ನು ಬೆಳ್ವೊಲ–ಪುಲಿಗೆರೆಗೂ ಎರಡನೆಯ ಮಗ ವಿಕ್ರಮಾದಿತ್ಯನನ್ನು ಗಂಗವಾಡಿ–ಬನವಾಸಿಗೂ ನೇಮಿಸಿದ. ತಂದೆಯ ನಂತರ ಪಟ್ಟಕ್ಕೆ ಬಂದ ಅಣ್ಣನನ್ನು 1076ರಲ್ಲಿ ಕೆಳಗಿಳಿಸಿ ಈ ಆರನೆಯ ವಿಕ್ರಮಾದಿತ್ಯ ಚಕ್ರವರ್ತಿಯಾದ. ಅವನು ಬನವಾಸಿಯನ್ನು ತಮ್ಮ ಜಯಸಿಂಹನಿಗೆ ಕೊಟ್ಟ. ಕೆಲವೇ ವರ್ಷಗಳಲ್ಲಿ ಆ ತಮ್ಮನೂ ಬಂಡೆದ್ದು ಸೋತ. ಇದರಿಂದ ಪಾಠ ಕಲಿತಂತೆ ಆರನೆಯ ವಿಕ್ರಮಾದಿತ್ಯನ ಮುಂದಿನ ವರ್ಷಗಳಲ್ಲಿ ದಂಡನಾಯಕರ ಹೆಸರುಗಳು ಹೆಚ್ಚುತ್ತವೆ. ಅನಂತಪಾಲ ದಂಡನಾಯಕ ಬೆಳ್ವೊಲ, ಪುಲಿಗೆರೆಗಳನ್ನು ನೋಡಿಕೊಳ್ಳುತ್ತಿದ್ದವನು, ಆಮೇಲೆ ಬನವಾಸಿಯೂ ಅವನಿಗೆ ಬಂತು. ದಂಡನಾಯಕ ಅರಸನಿಂದಲೇ ಬದುಕುವವನು. ಅವನಿಗೆ ಸ್ವಂತ ನಾಡಿಲ್ಲ, ವಂಶದ ಧ್ವಜವಿಲ್ಲ. ಇಂದಿನ ಮಾತಿನಲ್ಲಿ ವರ್ಗಾವಣೆ ಮಾಡಬಹುದಾದ ಅಧಿಕಾರಿ. ಈ ಪದ್ಧತಿ ಎಲ್ಲ ನಾಡುಗಳಿಗೂ ಹಬ್ಬಿದ್ದರೆ ಕಲ್ಯಾಣದ ರಾಜ್ಯ ಇನ್ನಷ್ಟು ಕಾಲ ಬಾಳುತ್ತಿತ್ತೇನೋ.

ಪ್ರಾಂತದ ಅಧಿಪತಿ ತಾನೇ ಅರಸನಾಗದಂತೆ ತಡೆಯುವುದು ಹೇಗೆ ಎಂಬ ಪ್ರಶ್ನೆ ಬೇರೆ ಕಾಲದಲ್ಲಿ, ಬೇರೆ ನೆಲದಲ್ಲಿಯೂ ಎದ್ದಿದೆ. 1776ರಲ್ಲಿ ಬ್ರಿಟಿಷ್ ದೊರೆಯ ಗವರ್ನರುಗಳನ್ನು ಹೊರಹಾಕಿದ ಅಮೆರಿಕದ ವಸಾಹತುಗಳು ಹೊಸ ಸಂವಿಧಾನ ಬರೆದುಕೊಳ್ಳುವಾಗ ಗವರ್ನರನ ಅವಧಿಗೇ ಕತ್ತರಿ ಹಾಕಿದವು. ವರ್ಜೀನಿಯದಲ್ಲಿ ಶಾಸನಸಭೆಯ ಎರಡೂ ಸದನಗಳು ಕೂಡಿ ವರ್ಷಕ್ಕೊಮ್ಮೆ ಅವನನ್ನು ಆರಿಸುತ್ತಿದ್ದವು. ಸತತ ಮೂರು ವರ್ಷ ಆಳಿದವನು ಮತ್ತೆ ನಾಲ್ಕು ವರ್ಷ ಆ ಕುರ್ಚಿಯ ಕಡೆ ನೋಡುವಂತಿರಲಿಲ್ಲ. ಅಲ್ಲಿ ಮೊದಲು ಆಯ್ಕೆಯಾದವನು ಪ್ಯಾಟ್ರಿಕ್ ಹೆನ್ರಿ. ನ್ಯೂಯಾರ್ಕಿನಲ್ಲಿ 1777ರಿಂದ ಆಸ್ತಿಯುಳ್ಳ ಮತದಾರರೇ ಮೂರು ವರ್ಷಕ್ಕೊಮ್ಮೆ, ಮ್ಯಾಸಚೂಸೆಟ್ಸಿನಲ್ಲಿ 1780ರಿಂದ ವರ್ಷಕ್ಕೊಮ್ಮೆ ಮತ ಹಾಕಿ ಆರಿಸಿದರು. ಭಾರತದ ಸಂವಿಧಾನದ ಕರಡಿನಲ್ಲಿಯೂ ರಾಜ್ಯಪಾಲರನ್ನು ಚುನಾಯಿಸುವ ಪರ್ಯಾಯವಿತ್ತು. 1949ರ ಮೇ ತಿಂಗಳಲ್ಲಿ ಸಂವಿಧಾನ ಸಭೆ ಅದನ್ನು ಕೈಬಿಟ್ಟು ರಾಷ್ಟ್ರಪತಿಯ ನೇಮಕವನ್ನು ಒಪ್ಪಿತು. ಅದರಂತೆಯೇ 1956ರಲ್ಲಿ ಹೊಸ ಮೈಸೂರು ರಾಜ್ಯಕ್ಕೆ ಜಯಚಾಮರಾಜೇಂದ್ರ ಒಡೆಯರ್ ರಾಜ್ಯಪಾಲರಾದರು. ಅವಧಿಗೆ ಗಡಿ ಹಾಕುವ ಈ ಉಪಾಯ ಕಲ್ಯಾಣದ ಅರಸರಿಗೆ ಹೊಳೆಯಲಿಲ್ಲ. ಅವರ ಬಳಿ ಇದ್ದದ್ದು ನಂಟು, ಪಟ್ಟ ಮತ್ತು ದಂಡು ಮಾತ್ರ.

ಕಿಸುಕಾಡು ಕೊನೆಗೆ ಸೇರಿದ್ದು ಎರಂಬರಗೆಯ ಸಿಂದರಿಗೆ. ಎರಂಬರಗೆ ಇಂದಿನ ಯಲಬುರ್ಗ. ನಾಗವಂಶದವರೆಂದು ಹೇಳಿಕೊಳ್ಳುತ್ತಿದ್ದ ಈ ಮನೆತನದ ಇಮ್ಮಡಿ ಆಚುಗಿ ಆರನೆಯ ವಿಕ್ರಮಾದಿತ್ಯನ ಪರವಾಗಿ ಹೊಯ್ಸಳರ ಮೇಲೂ ಗೋವೆಯ ಮೇಲೂ ಕಾದಾಡಿದ. ಅವನ ಮಗ ಪೆರ್ಮಾಡಿಯೂ ಹೊಯ್ಸಳ ವಿಷ್ಣುವರ್ಧನನನ್ನು ಹಿಮ್ಮೆಟ್ಟಿಸಿದ್ದಾಗಿ ಶಾಸನಗಳು ಹೇಳುತ್ತವೆ. ತೆಂಕಣ ಗಡಿಯಲ್ಲಿ ಹೊಯ್ಸಳರು ಬಲಿಯುತ್ತಿದ್ದ ಕಾಲದಲ್ಲಿ ನೆಲದ ಮೇಲೆ ಬೇರುಬಿಟ್ಟ, ಸ್ವಂತ ಪಡೆಯುಳ್ಳ ಮನೆತನ ಚಕ್ರವರ್ತಿಗೆ ಬೇಕಾಗಿತ್ತು. ಪೆರ್ಮಾಡಿಯ ವೇಳೆಗೆ ಕಿಸುಕಾಡು ಎಪ್ಪತ್ತು, ಬಾಗಡಗೆ ಎಪ್ಪತ್ತು, ಕೆಲವಡಿ ಮುನ್ನೂರು, ನರೆಯಂಗಲ್ಲು ಹನ್ನೆರಡು ಸಿಂದರ ನಾಡುಗಳ ಪಟ್ಟಿಯಲ್ಲಿ ಒಟ್ಟಾಗಿ ಬರುತ್ತವೆ. ಬಾಗಡಗೆ ಎಂದರೆ ಬಾಗಲಕೋಟೆ. ಪೆರ್ಮಾಡಿಯ ಬಳಿಕ ಅವನ ತಮ್ಮ ಇಮ್ಮಡಿ ಚಾವುಂಡ ಬಂದ. ಈಗ ನಾಡಿಗೆ ಅಧಿಪತಿಯನ್ನು ಆರಿಸುವುದು ಕಲ್ಯಾಣದ ಅರಮನೆಯ ಕೆಲಸವಾಗಿ ಉಳಿದಿರಲಿಲ್ಲ. ಸಿಂದರ ಮನೆಯಲ್ಲಿ ಯಾರು ಹಿರಿಯರೋ ಅವರೇ ಅಧಿಪತಿ.

ಪಟ್ಟದಕಲ್ಲಿನ 1163ರ ಸುಮಾರಿನ ಶಾಸನ ಈ ಸ್ಥಿತಿಯನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಚಾವುಂಡನ ಪಟ್ಟದರಸಿ ದೇಮಲದೇವಿ ಮತ್ತು ಮಗ ಆಚಿದೇವ ‘ಪಟ್ಟದ ಕಿಸುವೊಳಲ’ ನೆಲೆವೀಡಿನಿಂದ ಆಳುತ್ತಿದ್ದಾರೆ. ಮೇಲೆ ಚಕ್ರವರ್ತಿಯಾಗಿ ಮುಮ್ಮಡಿ ತೈಲಪನ ಹೆಸರಿದೆ. ಆದರೆ ಆ ಹೊತ್ತಿಗಾಗಲೇ ಕಲ್ಯಾಣ ತೈಲಪನ ಕೈತಪ್ಪಿತ್ತು. ಅದನ್ನು ಕಿತ್ತುಕೊಂಡ ಕಲಚುರಿ ಬಿಜ್ಜಳನೂ ಮೊದಲಿಗೆ ತರ್ದವಾಡಿ ಸೀಮೆಯ ಚಾಲುಕ್ಯ ಮಾಂಡಲಿಕನೇ. ದಂತಿದುರ್ಗನ ಕಾಲದಲ್ಲಿ ಬಾದಾಮಿಯಲ್ಲಿ ನಡೆದದ್ದು ನಾಲ್ಕು ಶತಮಾನಗಳ ಮೇಲೆ ಕಲ್ಯಾಣದಲ್ಲಿ ನಡೆಯಿತು. ರಾಜ್ಯವೇ ಇಲ್ಲದ ಅರಸನ ಹೆಸರನ್ನು ಕಲ್ಲಿನ ಮೇಲೆ ಉಳಿಸಿಕೊಂಡ ಸಿಂದರ ನಿಷ್ಠೆ ಮೆಚ್ಚುವಂಥದು. ಹಾಗೆಯೇ, ಮೇಲಿನ ಅರಸ ಯಾರಾದರೂ ತಮ್ಮ ನಾಡಿನ ಆಳ್ವಿಕೆಗೆ ಕುಂದಿಲ್ಲ ಎಂಬ ಭರವಸೆಯೂ ಅದರಲ್ಲಿದೆ.

ಚಾವುಂಡ ಬಿಜ್ಜಳನ ಕಡೆಗೂ ನಂಟು ಬೆಳೆಸಿದ. ಅವನ ಇನ್ನೊಬ್ಬ ರಾಣಿ ಸಿರಿಯಾದೇವಿ ಬಿಜ್ಜಳನ ಮಗಳು. ಅವಳ ಇಬ್ಬರು ಮಕ್ಕಳಲ್ಲಿ ಒಬ್ಬನಿಗೆ ತಾತನ ಹೆಸರೇ, ಬಿಜ್ಜಳ. ಇನ್ನೊಬ್ಬ ವಿಕ್ರಮ. 1169ರ ಐಹೊಳೆಯ ಶಾಸನದಲ್ಲಿ ಕಿಸುಕಾಡು, ಬಾಗಡಗೆ, ಕೆಲವಡಿ ನಾಡುಗಳನ್ನು ಆಳುತ್ತಿರುವವರು ಈ ಇಬ್ಬರು ಸಹೋದರರು. ಚಾಲುಕ್ಯ ಚಕ್ರವರ್ತಿಯ ಹೆಸರಿನಲ್ಲಿ ಆಳಿದ ದೇಮಲದೇವಿಯ ಮಗ ಇಲ್ಲಿ ಕಾಣುವುದಿಲ್ಲ, ಕಲಚುರಿ ದೊರೆಯ ಮೊಮ್ಮಕ್ಕಳು ಆ ಜಾಗದಲ್ಲಿದ್ದಾರೆ. ಮನೆತನ ಅದೇ, ಆದರೆ ಮನೆಯೊಳಗೆ ಯಾವ ತಾಯಿಯ ಮಕ್ಕಳು ಎಂಬುದನ್ನು ತೀರ್ಮಾನಿಸಿದ್ದು ಕಲ್ಯಾಣದಲ್ಲಿ ಕುಳಿತವನ ಬಲವೇ ಎಂದು ಈ ಎರಡು ಶಾಸನಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ತಿಳಿಯುತ್ತದೆ.

1180ರ ಸುಮಾರಿನಲ್ಲಿ ರೋಣದ ಶಾಸನ ವಿಕ್ರಮನನ್ನು ಕಲಚುರಿ ಸಂಕಮನ ಅಧೀನನಾಗಿ ಕಿಸುಕಾಡಿನ ಒಡೆಯನೆಂದು ಹೇಳುತ್ತದೆ. ಅದೇ ದಶಕದಲ್ಲಿ ಕಲಚುರಿಗಳ ಆಳ್ವಿಕೆ ಮುಗಿಯಿತು. ಹೊಯ್ಸಳ ಇಮ್ಮಡಿ ಬಲ್ಲಾಳ ಬಡಗಣ ದಂಡಯಾತ್ರೆಯಲ್ಲಿ ಸಿಂದರ ಎರಂಬರಗೆಯ ಕೋಟೆಯನ್ನೂ ಹಿಡಿದ. 13ನೆಯ ಶತಮಾನದಲ್ಲಿ ಈ ಸೀಮೆ ದೇವಗಿರಿಯ ಸೇವುಣರ ಪಾಲಾಯಿತು, ಕಿಸುವೊಳಲಿನಿಂದ ಆಳುವ ಮಾಂಡಲಿಕ ಮನೆತನ ಮತ್ತೆ ಹುಟ್ಟಲಿಲ್ಲ.